ಯಾರು ಮುಚ್ಚಿದರು ಎಂದು ಬರೆಯಿರಿ

ಪ್ರಿಯ ಲೇಖಕರೇ,

ಆಲ್ಬನಿ ಎಂಪೈರ್ ತಂಡದ ಬಗ್ಗೆ ನೀವು ಕಳುಹಿಸಿದ ಪ್ರಬಂಧವನ್ನು ರಾತ್ರಿ ಓದಿದೆ. ಬೆಳಿಗ್ಗೆ ಎದ್ದಾಗಲೂ ಸಿಟ್ಟು ಇಳಿದಿರಲಿಲ್ಲ. ಅದಕ್ಕೇ ಈ ಪತ್ರ. ಇಲ್ಲದಿದ್ದರೆ ನಮ್ಮ ಕಡೆಯಿಂದ ಎಲ್ಲರಿಗೂ ಹೋಗುವ ಎರಡು ಸಾಲಿನ ವಿಷಾದಪತ್ರವೇ ನಿಮಗೂ ಬರುತ್ತಿತ್ತು.

ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ. ಅಮೆರಿಕದ ಬಗೆಗಿನ ನಮ್ಮ ಬರಹಗಳೆಲ್ಲ ಹಿಮ, ಹೈವೇ ಮತ್ತು ಮೊಮ್ಮಗುವಿನ ಬಾಣಂತನದ ಸುತ್ತಲೇ ತಿರುಗುತ್ತಿರುವಾಗ, ನೀವಿರುವ ಊರಿನ ಸಣ್ಣ ಲೀಗಿನ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ತಂಡವೊಂದು ನಿಮ್ಮ ಕಣ್ಣಿಗೆ ಬಿದ್ದದ್ದು ಸಂತೋಷ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಮೂರನೆಯ ಪುಟ ತೆರೆಯಿರಿ. “2023ರ ಜೂನ್ ತಿಂಗಳಲ್ಲಿ, ವಿಧಿಯಾಟಕ್ಕೆ ಸಿಲುಕಿ, ಎಂಪೈರ್ ತಂಡವು ಇತಿಹಾಸದ ಪುಟಗಳಲ್ಲಿ ಲೀನವಾಯಿತು.”

ವಿಧಿ ಎಂಬುವರು ಆ ಲೀಗಿನ ಸದಸ್ಯರಾಗಿರಲಿಲ್ಲ. ಜೂನ್ 15ರಂದು ನ್ಯಾಷನಲ್ ಅರೇನಾ ಲೀಗಿನ ಉಳಿದ ತಂಡಗಳ ಮಾಲೀಕರು ಫೋನಿನಲ್ಲಿ ತುರ್ತು ಸಭೆ ನಡೆಸಿ ಎಂಪೈರ್ ತಂಡದ ಸದಸ್ಯತ್ವವನ್ನು ರದ್ದುಪಡಿಸಿದರು. ಲೀಗ್ ಕೊಟ್ಟ ಹೇಳಿಕೆಯ ಪ್ರಕಾರ, ತಂಡದ ಮಾಲೀಕರು ಲೀಗಿಗೆ ಕೊಡಬೇಕಾದ ಏಪ್ರಿಲ್ ಕಂತನ್ನು ಕಟ್ಟಿ, ಬಳಿಕ ಆ ಪಾವತಿಗೇ ತಕರಾರು ಎತ್ತಿ ಹಣವನ್ನು ಹಿಂದಕ್ಕೆ ಪಡೆದರು. ಮೇ ಕಂತು ಬರಲೇ ಇಲ್ಲ. ಸಾವಿರ ಡಾಲರ್ ದಂಡವೂ ಬಾಕಿ ಉಳಿಯಿತು. ಕಟ್ಟಿದ ಕಂತು ಮರಳಿ ಮಾಲೀಕರ ಕೈಗೇ ಹೋಯಿತು ಎಂಬುದಕ್ಕಿಂತ ಒಳ್ಳೆಯ ಸಾಲು ನಿಮ್ಮ ಇಡೀ ಪ್ರಬಂಧದಲ್ಲಿಲ್ಲ; ಅದನ್ನು ನೀವು ಬರೆದೇ ಇಲ್ಲ. 2021 ಮತ್ತು 2022ರಲ್ಲಿ ಸತತವಾಗಿ ಪ್ರಶಸ್ತಿ ಗೆದ್ದ ತಂಡ ಮರುವರ್ಷ ಒಂದು ಗೆಲುವು, ಆರು ಸೋಲಿಗೆ ಬಂದು ನಿಂತಿತು. ಇದನ್ನೂ ನೀವು “ಏಳುಬೀಳುಗಳ ನಡುವೆ” ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ.

ಅದೇ ಪುಟದಲ್ಲಿ ಸ್ವಲ್ಪ ಮೇಲೆ: “ಮಾಲೀಕತ್ವದ ಬದಲಾವಣೆಯ ನಂತರ ತಂಡದಲ್ಲಿ ಅಸ್ಥಿರತೆ ಮನೆಮಾಡಿತು.” ಆ ಮಾಲೀಕ ಆಂಟೋನಿಯೊ ಬ್ರೌನ್. ಅಮೆರಿಕನ್ ಫುಟ್‌ಬಾಲಿನ ಅತಿದೊಡ್ಡ ಪಂದ್ಯವಾದ ಸೂಪರ್ ಬೌಲ್ ಗೆದ್ದವರು. 2022ರ ಜನವರಿಯಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಜೆರ್ಸಿ ಕಳಚಿ, ಬರಿಮೈಯಲ್ಲಿ ಮೈದಾನದಿಂದ ಹೊರನಡೆದವರು. ಅವರ ತಂದೆ ಎಡ್ಡಿ ಬ್ರೌನ್ ಇದೇ ಆಲ್ಬನಿಯಲ್ಲಿ ಫೈರ್‌ಬರ್ಡ್ಸ್ ತಂಡಕ್ಕೆ ಆಡಿ, 1999ರಲ್ಲಿ ಒಳಾಂಗಣ ಆಟದ ಅಂತಿಮ ಪಂದ್ಯವಾದ ಅರೇನಾಬೌಲ್ ಗೆದ್ದು, 2006ರಲ್ಲಿ ಅರೇನಾ ಫುಟ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಎನಿಸಿಕೊಂಡವರು. ಅಪ್ಪ ಮೆರೆದ ಊರಿನ ತಂಡವನ್ನು ಮಗ ಕೊಂಡ ಎಂಬಲ್ಲಿ ನೀವು ಪುಟಗಟ್ಟಲೆ ಪಿತೃಋಣ, ವಂಶವೃಕ್ಷ ಎಂದು ಹಾಡಿದ್ದೀರಿ. ಆಮೇಲೆ ಕೆಟ್ಟದ್ದು ನಡೆಯತೊಡಗಿದ ಕೂಡಲೇ ನಿಮ್ಮ ವಾಕ್ಯಗಳಿಂದ ಮನುಷ್ಯರೆಲ್ಲ ಎದ್ದುಹೋಗುತ್ತಾರೆ. ಒಳ್ಳೆಯದನ್ನು ಮಾಡಲು ತಂದೆಯೂ ಮಗನೂ ಇದ್ದಾರೆ. ಕೆಟ್ಟದ್ದನ್ನು ಮಾಡಲು ಅಸ್ಥಿರತೆ, ವಿಧಿ, ಕಾಲಚಕ್ರ. ಒಂದೇ ಋತುವಿನಲ್ಲಿ ತರಬೇತುದಾರರು ಒಬ್ಬರಾದ ಮೇಲೊಬ್ಬರಂತೆ ಬದಲಾದರು. ಯಾರು ತಾವಾಗಿ ಹೋದರು, ಯಾರನ್ನು ಕಳುಹಿಸಿದರು? ಆ ತಿಂಗಳು ಆಟಗಾರರ ಕೈಗೆ ಹಣ ಬಂತೇ? ಸೀಸನ್ ಟಿಕೆಟ್ ಕೊಂಡಿದ್ದ ನಿಮಗೆ ಅದು ವಾಪಸು ಸಿಕ್ಕಿತೇ? ಅದನ್ನಾದರೂ ಹೇಳಬಹುದಿತ್ತು.

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಜಾತ್ರೆಗೆಂದು ಬಂದಿದ್ದ ನಾಟಕ ಕಂಪನಿಯೊಂದು ಕ್ಯಾಂಪಿನ ನಡುವೆಯೇ ಟೆಂಟ್ ಕಿತ್ತಿತು. ನಮ್ಮ ಹಿರಿಯ ಉಪಸಂಪಾದಕರು ಎಲೆಅಡಿಕೆ ಜಗಿಯುತ್ತ, “ಮಾಲೀಕನ ಹತ್ತಿರ ಕೊನೆಗೆ ಹೋಗು. ಮೊದಲು ಅಡುಗೆಯವನನ್ನು ಕಾಣು, ಆಮೇಲೆ ತಗಡು ಬಾಡಿಗೆಗೆ ಕೊಟ್ಟವನನ್ನು” ಎಂದು ಕಳುಹಿಸಿದರು. ಅಡುಗೆಯವನು ಪಾತ್ರೆ ಕಟ್ಟುತ್ತಲೇ ಮಾತನಾಡಿದ. ಪೇಟೆಯ ದಿನಸಿ ಅಂಗಡಿಯವರು ಅಕ್ಕಿ ಕೊಡುವುದನ್ನು ನಿಲ್ಲಿಸಿದ ದಿನವೇ ಹಾರ್ಮೋನಿಯಂ ಮಾಸ್ತರರು ಊರಿಗೆ ಹೋದರಂತೆ. ಮಾಲೀಕರಂತೂ ನನಗೆ ರಂಗಭೂಮಿಯ ಅವನತಿ, ಟೀವಿಯ ಹಾವಳಿ ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಹಿರಿಯರು ಆ ಭಾಷಣವನ್ನು ಒಂದು ವಾಕ್ಯಕ್ಕೆ ಇಳಿಸಿ, ಅಕ್ಕಿಯ ಬಾಕಿಯನ್ನು ಮೊದಲ ಸಾಲಿಗೆ ಏರಿಸಿದರು. ಮರುದಿನ ದಿನಸಿ ಅಂಗಡಿಯವರು ಪತ್ರಿಕೆ ಹಿಡಿದುಕೊಂಡೇ ಕಚೇರಿಗೆ ಬಂದಿದ್ದರು. ಮೊತ್ತ ಸರಿಯಾಗಿದೆ, ಆದರೆ ಬೇಳೆಯ ಲೆಕ್ಕ ಬಿಟ್ಟುಹೋಗಿದೆ ಎಂದು.

ಇನ್ನು ಎರಡನೆಯ ಪುಟ. “ಕ್ರೀಡಾಂಗಣ ರಣರಂಗವಾಯಿತು. ಸಿಂಹಗಳಂತೆ ಘರ್ಜಿಸುತ್ತ ಆಟಗಾರರು ಎದುರಾಳಿಗಳ ಮೇಲೆರಗಿದರು. ಸಾವಿರಾರು ಅಭಿಮಾನಿಗಳ ಹರ್ಷೋದ್ಗಾರ ಮುಗಿಲು ಮುಟ್ಟಿತು.”

ಸ್ವಾಮಿ, ಆ ಅರೇನಾಕ್ಕೆ ಚಾವಣಿ ಇದೆ. ಮುಗಿಲು ಎಲ್ಲಿಂದ ಬಂತು?

ಈ ಆಟದ ಗುಟ್ಟೆಲ್ಲ ಆ ಚಾವಣಿಯ ಕೆಳಗೇ ಇದೆ. 1981ರಲ್ಲಿ ಜಿಮ್ ಫಾಸ್ಟರ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ನೋಡುತ್ತ, ಅಮೆರಿಕನ್ ಫುಟ್‌ಬಾಲನ್ನೂ ಹೀಗೆ ಆಡಿಸಬಹುದಲ್ಲ ಎಂದು ಲಕೋಟೆಯೊಂದರ ಮೇಲೆ ಗೀಚಿಕೊಂಡರು. 1987ರಲ್ಲಿ ನಾಲ್ಕು ತಂಡಗಳೊಂದಿಗೆ ಅವರ ಅರೇನಾ ಫುಟ್‌ಬಾಲ್ ಲೀಗ್ ಶುರುವಾಯಿತು. ನೂರು ಗಜದ ಮೈದಾನ ಐವತ್ತು ಗಜವಾಯಿತು, ಅಗಲ 85 ಅಡಿ. ಐಸ್ ಹಾಕಿ ಅಂಗಣದೊಳಗೆ ಕೂರಬೇಕಲ್ಲ. ಹನ್ನೊಂದು ಮಂದಿಯ ಜಾಗದಲ್ಲಿ ಎಂಟು. ಗೋಲುಕಂಬಗಳ ಎರಡೂ ಬದಿಗೆ 30 ಅಡಿ ಅಗಲ, 32 ಅಡಿ ಎತ್ತರದ ಬಲೆಗಳು. ಗುರಿ ತಪ್ಪಿ ಬಲೆಗೆ ಬಡಿದು ಮರಳಿ ಬಂದ ಚೆಂಡು ಸತ್ತ ಚೆಂಡಲ್ಲ, ಯಾರು ಬೇಕಾದರೂ ಹಿಡಿದು ಓಡಬಹುದು. ಆ ಬಲೆಗಳ ಆಟಕ್ಕೆ ಫಾಸ್ಟರ್ ಪೇಟೆಂಟ್ ಪಡೆದಿದ್ದರಿಂದ 2007ರಲ್ಲಿ ಅದರ ಅವಧಿ ಮುಗಿಯುವವರೆಗೆ ಇತರ ಒಳಾಂಗಣ ಲೀಗುಗಳು ಬಲೆಗಳಿಲ್ಲದೆಯೇ ಆಡಬೇಕಾಯಿತು. ಇನ್ನು ಅಂಚಿನಲ್ಲಿ ಗೆರೆಯಿಲ್ಲ, ಮೆತ್ತೆ ಹೊದಿಸಿದ ಗೋಡೆ ಇದೆ. ಓಡಿಬಂದ ಆಟಗಾರ ಗೋಡೆಗೆ ಅಪ್ಪಳಿಸಿ ಮೊದಲ ಸಾಲಿನವರ ಮಡಿಲಿಗೇ ಬೀಳಬಹುದು.

ನೀವು ಕೂತದ್ದು ಆ ಮೊದಲ ಸಾಲಿನಲ್ಲೇ ಎಂದು ನೀವೇ ಬರೆದಿದ್ದೀರಿ. ಅಲ್ಲಿ ಕೂತು ನಿಮಗೆ ಕಂಡದ್ದು ಸಿಂಹವೇ? ಗೋಡೆ ಅದುರಲಿಲ್ಲವೇ? ಕೈಯಲ್ಲಿದ್ದ ಕಾಗದದ ಲೋಟ ಚೆಲ್ಲಲಿಲ್ಲವೇ? ಸಿಂಹ, ರಣರಂಗ, ಮುಗಿಲು ಮೂರನ್ನೂ ನೀವು ಬೆಂಗಳೂರಿನ ಮನೆಯಲ್ಲಿ ಕೂತೇ ಬರೆಯಬಹುದಿತ್ತು. ಮತ್ತೊಂದು ಮಾತು: ಫುಟ್‌ಬಾಲ್ ಎಂದರೆ ನಮ್ಮ ಓದುಗರ ಕಣ್ಣಿಗೆ ಬರುವುದು ಮೆಸ್ಸಿ. ಕೈಯಲ್ಲಿ ಹಿಡಿದು ಓಡುವ ಆಟವಿದು ಎಂದು ಎಲ್ಲಿಯೂ ಹೇಳದೆ ಏಳು ಪುಟ ಬರೆದಿದ್ದೀರಿ.

ನಾಲ್ಕನೆಯ ಪುಟದಲ್ಲಿ ಒಂದು ಸಾಲಿದೆ, ಅದೂ ಅಲ್ಪವಿರಾಮಗಳ ನಡುವೆ: ನಿಮ್ಮ ಕಚೇರಿಯ ಬಾಗಿಲಲ್ಲಿ ಹಗಲುಪಾಳಿ ಮಾಡುವ ಕಾವಲುಗಾರರೊಬ್ಬರು ರಾತ್ರಿ ಇದೇ ತಂಡದ ಲೈನ್‌ಮನ್, ಎಂದರೆ ಮುಂಚೂಣಿಯಲ್ಲಿ ನಿಂತು ಎದುರಾಳಿಗಳೊಂದಿಗೆ ಸೆಣಸುವ ಆಟಗಾರ, ಆಗಿದ್ದರು. ಅದರ ಮುಂದೆಯೇ, ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರ್ ಐಯೋವಾದ ಅರೇನಾ ತಂಡದಿಂದ ಸೂಪರ್ ಬೌಲ್‌ವರೆಗೆ ಏರಿದ ಕಥೆಗೆ ಎರಡು ಪ್ಯಾರಾ ಕೊಟ್ಟಿದ್ದೀರಿ. ವಾರ್ನರ್ ಕಥೆಯನ್ನು ಜಗತ್ತೆಲ್ಲ ಬರೆದಾಗಿದೆ. ನಿಮ್ಮ ಬಾಗಿಲಿನವರನ್ನು ಬರೆಯಬಲ್ಲವರು ನೀವೊಬ್ಬರೇ, ಆದರೆ ನೀವು ಅವರಿಗೆ ಗುಡ್ ಮಾರ್ನಿಂಗ್ ಹೇಳಿ ಲಿಫ್ಟ್ ಹತ್ತಿದ್ದೀರಿ.

ಅವರ ಹತ್ತಿರ ಹೋಗಿ. ತಂಡ ಇಲ್ಲವಾದದ್ದು ಅವರಿಗೆ ಯಾರಿಂದ ತಿಳಿಯಿತು, ಆ ರಾತ್ರಿ ಅವರು ಯಾರಿಗೆ ಫೋನ್ ಮಾಡಿದರು, ಹೆಲ್ಮೆಟ್ ಮತ್ತು ಭುಜಪಟ್ಟಿಗಳು ಯಾರ ಪಾಲಾದವು ಎಂದು ಕೇಳಿ. ಹೆಸರು ಹಾಕಬೇಡಿ ಎಂದರೆ ಹಾಕಬೇಡಿ. ಪಿತೃಋಣದ ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ, ವಾರ್ನರ್ ಅವರನ್ನು ಬಿಟ್ಟುಬಿಡಿ. “ತಂಡಗಳು ಸಾಯಬಹುದು, ಕನಸುಗಳು ಸಾಯುವುದಿಲ್ಲ” ಎಂಬ ಕೊನೆಯ ಪ್ಯಾರಾವನ್ನು ನಾನಾಗಲೇ ಹೊಡೆದುಹಾಕಿದ್ದೇನೆ. ಅದರ ಬಗ್ಗೆ ಚರ್ಚೆ ಬೇಡ. ಸಾವಿರದ ಇನ್ನೂರು ಪದ ಸಾಕು. ದೀಪಾವಳಿ ಸಂಚಿಕೆಯ ಪುಟಗಳು ಮುಂದಿನ ತಿಂಗಳ ಹತ್ತಕ್ಕೆ ಮುದ್ರಣಕ್ಕೆ ಹೋಗುತ್ತವೆ. ಅದಕ್ಕೆ ಮೊದಲು ಬಂದರೆ ನೋಡುತ್ತೇನೆ.

ಸಂಪಾದಕ