ಒಂದು ಕಿಟಕಿ, ಒಂದು ಪ್ರಶ್ನಾರ್ಥಕ ಚಿಹ್ನೆ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರೂ ಬೇಡ, ಆಕೆ ಮತ್ತು ಆತ ಎಂದಷ್ಟೇ ಇರಲಿ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ.

‘ಇವರಿಗೆ ಗಾಳಿ ಬೇಕಂತೆ ಮೇಡಂ. ನಾನು ಮರಗಟ್ಟಿ ಹೋದರೂ ಪರವಾಗಿಲ್ಲವಂತೆ.’

ಗಂಡನ ಜೊತೆ ನನ್ನ ಹತ್ತಿರ ಸಲಹೆಗೆಂದು ಮೊದಲ ದಿನ ಬಂದು ಕೂತ ಕೂಡಲೇ ಆಕೆ ಹೇಳಿದ ಮಾತು ಇದು. ಮನೆಯಲ್ಲಿ ಇಬ್ಬರೂ ‘ಹೋಗೋ’, ‘ಬಾರೇ’ ಎಂದು ಸಲಿಗೆಯಲ್ಲಿ ಮಾತಾಡುವವರು ಅಂತ ಆಮೇಲೆ ಗೊತ್ತಾಯಿತು. ನನ್ನ ಮುಂದೆ ಮಾತ್ರ ಆತ ‘ಇವರು’ ಆಗಿದ್ದ. ಗಂಡ ಹೆಂಡತಿ ಮುನಿಸಿಕೊಂಡಾಗ ಏಕವಚನ ಹೀಗೆ ಬಹುವಚನಕ್ಕೆ ತಿರುಗುವುದನ್ನು ತುಂಬ ಸಲ ನೋಡಿದ್ದೇನೆ. ಕೇಳುವಾಗೆಲ್ಲ ಸಂಕಟವಾಗುತ್ತದೆ.

ಮದುವೆಯಾಗಿ ಎರಡು ವರ್ಷ. ಒಂದು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟು. ಚಳಿಗಾಲದಲ್ಲಿ ಸಂಜೆ ಬೇಗ ಕತ್ತಲಾಗುವ, ಹೀಟರ್ ಇಲ್ಲದೆ ಇರಲಾಗದ ಊರು. ಆತನದು ದಿನವಿಡೀ ನಿಂತು ಓಡಾಡುವ ಕೆಲಸ. ಆಕೆಗೆ ಮನೆಯಿಂದಲೇ ಕೆಲಸ, ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ. ಆತ ಮನೆಗೆ ಬಂದವನೇ ‘ಉಸಿರು ಕಟ್ಟುತ್ತೆ’ ಎಂದು ಕಿಟಕಿ ತೆಗೆಯುತ್ತಾನೆ. ಆಕೆ ಎದ್ದು ಮುಚ್ಚುತ್ತಾಳೆ. ರಾತ್ರಿ ಮಲಗುವಾಗ ಮತ್ತೆ ಅದೇ. ಬೀರುವಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಬಂದಿತ್ತು. ‘ನೀನು ಕಿಟಕಿ ತೆಗೆಯಲ್ಲ, ಅದಕ್ಕೇ’ ಅಂತ ಈತ. ‘ನೀನು ಹೀಟರ್ ಆರಿಸ್ತೀಯ, ಅದಕ್ಕೇ’ ಅಂತ ಆಕೆ.

ಬೂಷ್ಟಿನ ವಿಷಯದಲ್ಲಿ ಇಬ್ಬರ ಮಾತಿನಲ್ಲೂ ನಿಜ ಇತ್ತು. ಅಡುಗೆ, ಸ್ನಾನ, ನಮ್ಮ ಉಸಿರು, ಎಲ್ಲದರಿಂದಲೂ ಮನೆಯೊಳಗೆ ನೀರಾವಿ ಸೇರುತ್ತದೆ. ಅವರು ಒಗೆದ ಬಟ್ಟೆಯನ್ನೂ ಬೆಡ್‌ರೂಮಿನಲ್ಲೇ ಹರವುತ್ತಿದ್ದರು. ಆ ಆವಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ತಣ್ಣಗಿರುವ ಜಾಗ ಹುಡುಕಿ ನೀರಾಗಿ ಕೂರುತ್ತದೆ. ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂಬದಿಗಿಂತ ತಣ್ಣನೆಯ ಜಾಗ ಆ ಮನೆಯಲ್ಲಿ ಇನ್ನೆಲ್ಲಿದೆ? ಕಿಟಕಿಯನ್ನು ರಾತ್ರಿಯಿಡೀ ಸಂದಿಯಷ್ಟು ತೆಗೆದಿಟ್ಟರೆ ಗೋಡೆ ಇನ್ನೂ ತಣ್ಣಗಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಐದರಿಂದ ಹತ್ತು ನಿಮಿಷ ಪೂರ್ತಿ ತೆಗೆದು ಆಮೇಲೆ ಭದ್ರವಾಗಿ ಮುಚ್ಚುವುದು ಮೇಲು. ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಲು ಹೇಳಿದೆ.

ಇಷ್ಟಕ್ಕೇ ಮುಗಿಯುವ ಜಗಳವಾಗಿದ್ದರೆ ಅವರು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಎರಡನೇ ಭೇಟಿಯಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ: ಜಾಸ್ತಿ ನೋವಾದ ದಿನ ಯಾವುದು?

ಆತ ಸ್ವಲ್ಪ ಯೋಚಿಸಿ, ‘ಅಂಥದ್ದೇನಿಲ್ಲ ಮೇಡಂ, ದಿನಾ ಸಣ್ಣಪುಟ್ಟದ್ದು’ ಎಂದ. ಆಕೆ ತಡಮಾಡಲಿಲ್ಲ. ಫೋನ್ ತೆಗೆದು ವಾಟ್ಸ್‌ಆ್ಯಪ್ ತೋರಿಸಿದಳು. ಆತ ಕೆಲಸದ ಜಾಗದಿಂದ ಕರೆಂಟ್ ಬಿಲ್ಲಿನ ಫೋಟೊ ಕಳಿಸಿದ್ದ. ಕೆಳಗೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಬೇರೆ ಮಾತಿಲ್ಲ. ಆಕೆ ಉತ್ತರಿಸಿರಲಿಲ್ಲ. ಮಾರನೇ ದಿನದಿಂದ ಆತ ಕೆಲಸಕ್ಕೆ ಹೊರಟ ಕೂಡಲೇ ಹೀಟರ್ ಆರಿಸಿ, ಕಂಬಳಿ ಹೊದ್ದು, ಬೆರಳು ಸೆಟೆದುಕೊಂಡರೂ ಹಾಗೇ ಟೈಪ್ ಮಾಡುತ್ತಿದ್ದಳು. ಆತ ಬರುವ ಹೊತ್ತಿಗೆ ಹಾಕುತ್ತಿದ್ದಳು. ‘ನಾನು ಮನೇಲಿ ಕೂತು ಸುಮ್ನೆ ಖರ್ಚು ಮಾಡ್ತೀನಿ ಅಂತ ತಾನೇ ಅದರ ಅರ್ಥ?’

ಹೇಳುವಾಗ ಸ್ವೆಟರಿನ ತೋಳನ್ನು ಎಳೆದು ಎರಡೂ ಅಂಗೈ ಮುಚ್ಚಿಕೊಂಡಿದ್ದಳು. ನನ್ನ ಕೋಣೆ ಆಗ ಸಾಕಷ್ಟು ಬೆಚ್ಚಗಿತ್ತು. ನಾನು ಕಾರ್ಡಿಗನ್ ತೆಗೆದಿಟ್ಟಿದ್ದೆ. ಅದನ್ನು ಬರೆದಿಟ್ಟುಕೊಂಡೆ.

ಆಕೆ ಮನೆಯಿಂದ ಹೊರಗೆ ಕಾಲಿಟ್ಟು ಆರು ದಿನವಾಗಿತ್ತು. ನಿದ್ದೆ ಜಾಸ್ತಿ, ಆದರೂ ಸುಸ್ತು. ಯಾರ ಫೋನೂ ಎತ್ತಲು ಮನಸ್ಸಿಲ್ಲ. ಚಳಿಗಾಲದಲ್ಲಿ ಬೆಳಕು ಕಡಿಮೆಯಾದಾಗ ಬರುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಯವರು 1984ರಲ್ಲೇ ವಿವರಿಸಿದ್ದಾರೆ. ಆದರೆ ಇಂಥ ಲಕ್ಷಣ ಕಂಡ ಕೂಡಲೇ ನಾನು ಆ ಹೆಸರು ಅಂಟಿಸುವುದಿಲ್ಲ. ಸದಾ ಚಳಿ, ಸದಾ ಸುಸ್ತು ಎಂದರೆ ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು. ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸು ಎಂದೆ. ಈ ಹೆಜ್ಜೆಯನ್ನು ಬಿಟ್ಟು ಬರೀ ಮಾತಿನಲ್ಲಿ ಸಮಾಧಾನ ಮಾಡುವುದು ತಪ್ಪು ಎಂದೇ ನನ್ನ ನಂಬಿಕೆ.

ಮೂರನೇ ಭೇಟಿಗೆ ವರದಿ ಹಿಡಿದುಕೊಂಡು ಬಂದವನು ಆತ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಕಡಿಮೆ, ಕಬ್ಬಿಣದಂಶ ಇನ್ನೂ ಕಡಿಮೆ. ವೈದ್ಯರು ಮಾತ್ರೆ ಶುರುಮಾಡಿದ್ದರು. ಆತ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ‘ನಾನು ಇದನ್ನ ನಾಟಕ ಅಂದಿದ್ದೆ ಮೇಡಂ’ ಅಂದ. ಆಕೆ ಏನೂ ಹೇಳಲಿಲ್ಲ. ಆ ಮೌನವನ್ನು ತುಂಬಲು ನಾನೂ ಹೋಗಲಿಲ್ಲ.

ಆಮೇಲೆ ಬಿಲ್ಲಿನ ಮಾತು ಎತ್ತಿದೆ. ಆ ಪ್ರಶ್ನಾರ್ಥಕ ಚಿಹ್ನೆಯ ಅರ್ಥ ಆತನಿಗೆ ಬೇರೆಯೇ ಇತ್ತು. ಮೀಟರ್ ಕೆಟ್ಟಿದೆಯಾ ಎಂಬ ಅನುಮಾನ, ಕೆಲಸ ಕಾಯಂ ಆಗುತ್ತೋ ಇಲ್ಲವೋ ಎಂಬ ಭಯ. ಆ ಭಯವನ್ನು ಮೂರು ತಿಂಗಳಿಂದ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ‘ಇದನ್ನ ನನಗೆ ಹೇಳೋಕೇನಾಗಿತ್ತು?’ ಎಂದು ಆಕೆ ಕೇಳಿದಳು. ಅವತ್ತು ಜೋರಾಗಿಯೇ ಜಗಳವಾಯಿತು. ನಾನು ತಡೆಯಲಿಲ್ಲ. ಕಿಟಕಿಯ ಜಗಳಕ್ಕಿಂತ ಅದು ಎಷ್ಟೋ ವಾಸಿ.

ನಾನು ಕೊಟ್ಟ ಸಲಹೆಗಳಲ್ಲಿ ದೊಡ್ಡದೇನೂ ಇರಲಿಲ್ಲ. ಹೀಟರಿಗೆ ಇಬ್ಬರೂ ಸೇರಿ ಒಂದು ಕೆಳಮಿತಿ ಇಟ್ಟುಕೊಳ್ಳಿ ಎಂದೆ. ತಂಪು ಹವೆಯ ದೇಶಗಳಲ್ಲಿ ಮನೆಯೊಳಗೆ 18 ಡಿಗ್ರಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೂತು ಕೆಲಸ ಮಾಡುವವರಿಗೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಓಡಾಡಿ ಬಂದ ಮೈಗೆ ಸೆಕೆ, ಕೂತ ಮೈಗೆ ಚಳಿ, ಎರಡೂ ಅದೇ ಕೋಣೆಯಲ್ಲಿ ನಿಜ. ಅವರು ಹಗಲಿಗೆ 21, ಮಲಗುವಾಗ 18 ಎಂದು ಒಪ್ಪಿಕೊಂಡರು. ಬಿಲ್ಲನ್ನು ತಿಂಗಳಿಗೊಮ್ಮೆ ಪಕ್ಕಪಕ್ಕ ಕೂತು ತೆರೆಯಬೇಕು, ಫೋನಿನಲ್ಲಿ ಕಳಿಸಬಾರದು. ಆಕೆ ದಿನಾ ಬೆಳಿಗ್ಗೆ, ಕೆಲಸಕ್ಕೆ ಕೂರುವ ಮುಂಚೆ, ಅರ್ಧ ಗಂಟೆ ಹೊರಗೆ ನಡೆಯಬೇಕು. ಮೋಡ ಮುಚ್ಚಿದ್ದರೂ ಸರಿ, ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎರಡು ವಾರದಲ್ಲಿ ಮನಸ್ಸು ಹಗುರಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದೂ ಹೇಳಿದೆ.

ಒಂದು ಸಲಹೆಗೆ ಮಾತ್ರ ಇಬ್ಬರೂ ಮುಖ ಸಪ್ಪೆ ಮಾಡಿಕೊಂಡರು. ರಾತ್ರಿ ಒಂದೇ ರಗ್ಗಿಗಾಗಿ ಎಳೆದಾಟ ಬೇಡ, ಆತನಿಗೆ ತೆಳುವಾದದ್ದು, ಆಕೆಗೆ ದಪ್ಪನೆಯದು ಇರಲಿ ಎಂದಿದ್ದೆ. ‘ಬೇರೆ ಬೇರೆ ಹೊದಿಕೆ ಅಂದ್ರೆ ದೂರ ಆದ ಹಾಗಲ್ವಾ ಮೇಡಂ?’ ಎಂದು ಆತ ಕೇಳಿದ. ಒಂದು ವಾರ ಮಾಡಿ ನೋಡಿ ಎಂದೆ.

ಆರು ವಾರದ ನಂತರ ಬಂದಾಗ ಆಕೆಯೇ ಶುರುಮಾಡಿದಳು. ‘ಇವನು ಮಧ್ಯರಾತ್ರಿ ತನ್ನ ರಗ್ಗು ಬಿಟ್ಟು ನನ್ನದರೊಳಗೆ ಬರ್ತಾನೆ ಮೇಡಂ. ಬಂದು ಸೆಕೆ ಅಂತಾನೆ.’ ನಡಿಗೆ ವಾರಕ್ಕೆ ನಾಲ್ಕು ದಿನವಾದರೂ ಆಗುತ್ತಿದೆ. ಸುಸ್ತು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು. ಬೂಷ್ಟು ಒರೆಸಿದ್ದಾರೆ, ಗೋಡೆಯ ಮೂಲೆಯಲ್ಲಿ ಕಲೆ ಉಳಿದಿದೆ. ಆತನ ಕೆಲಸ ಕಾಯಂ ಆಗಿಲ್ಲ. ಮುಂದಿನ ಬಿಲ್ ಬಂದಾಗ ತೆರೆಯುವ ಸರದಿ ಆಕೆಯದು.