ಓದುಗರ ಪ್ರಶ್ನೆ: ರಾಜ್ಯದ ಸರಾಸರಿಯೂ ಕೊಡಗಿನ ಮನೆಯ ಆಸ್ಪತ್ರೆ ಖರ್ಚೂ

ಪ್ರಶ್ನೆ: ಆರೋಗ್ಯಕ್ಕಾಗಿ ಜನರು ತಮ್ಮ ಕೈಯಿಂದ ಮಾಡುವ ಖರ್ಚಿನ ಪಾಲು ಕೇರಳದಲ್ಲಿ ಬಹಳ ಹೆಚ್ಚು, ಕರ್ನಾಟಕದಲ್ಲಿ ಅದರ ಅರ್ಧದಷ್ಟು ಮಾತ್ರ ಎಂದು ಓದಿದೆ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮಾತ್ರೆಗೆ ಪ್ರತಿ ತಿಂಗಳೂ ದುಡ್ಡು ಬೇಕು, ಹೃದಯ ತಪಾಸಣೆಗೆಂದು ಮೈಸೂರಿಗೆ ಹೋದರೆ ಕಾರಿನ ಬಾಡಿಗೆ ಬೇರೆ. ಕುಟ್ಟದಲ್ಲಿರುವ ನೆಂಟರು ಗಡಿ ದಾಟಿ ಕೇರಳದ ಮಾನಂತವಾಡಿಯಲ್ಲಿ ತೋರಿಸಿಕೊಂಡು ಬರುತ್ತಾರೆ. ಅವರ ಖರ್ಚು ನಮ್ಮದಕ್ಕಿಂತ ಹೆಚ್ಚೇನೂ ಇಲ್ಲ. ಹಾಗಾದರೆ ಈ ಅಂಕಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ನೀವು ಓದಿದ ಅಂಕಿಗಳು ಸರಿಯಾಗಿಯೇ ಇವೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ 2019-20ರ ವರದಿಯಂತೆ ಕೇರಳದಲ್ಲಿ ಒಟ್ಟು ಆರೋಗ್ಯ ವೆಚ್ಚದ ಸುಮಾರು ಮೂರನೇ ಎರಡು ಭಾಗವನ್ನು ಮನೆಯವರೇ ಭರಿಸಿದ್ದರು. ಕರ್ನಾಟಕದಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಆದರೆ ಇದು ಪಾಲಿನ ಲೆಕ್ಕವೇ ಹೊರತು ರೂಪಾಯಿಯ ಲೆಕ್ಕವಲ್ಲ. ಸರ್ಕಾರ, ಇಎಸ್‌ಐ (ನೌಕರರ ರಾಜ್ಯ ವಿಮೆ), ವಿಮಾ ಕಂಪನಿಗಳು ಮತ್ತು ಮನೆಯವರು ಎಲ್ಲರೂ ಸೇರಿ ಮಾಡಿದ ಖರ್ಚಿನಲ್ಲಿ ಮನೆಯವರದ್ದೆಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಬೆಂಗಳೂರಿನ ಕಂಪನಿ ನೌಕರರ ಆರೋಗ್ಯ ವಿಮೆಯ ಹಣವೂ ಇಎಸ್‌ಐ ಹಣವೂ ಸೇರಿ ರಾಜ್ಯದ ಒಟ್ಟು ಮೊತ್ತ ಹಿಗ್ಗಿದಾಗ ಮನೆಯವರ ಪಾಲು ಶೇಕಡಾವಾರಿನಲ್ಲಿ ತಾನಾಗಿಯೇ ಕುಗ್ಗುತ್ತದೆ, ಆದರೆ ಅದರಿಂದ ನಾಪೋಕ್ಲಿನ ಔಷಧಿ ಅಂಗಡಿಯ ಬಿಲ್ಲು ಒಂದು ರೂಪಾಯಿಯೂ ಇಳಿಯುವುದಿಲ್ಲ.

ಕೇರಳದ ಹೆಚ್ಚಳವನ್ನೂ ಬರೀ ಕೆಟ್ಟ ಸುದ್ದಿಯೆಂದು ತಿಳಿಯಬೇಕಿಲ್ಲ. ಅಲ್ಲಿ ವಯಸ್ಸಾದವರು ಹೆಚ್ಚು, ಆದ್ದರಿಂದ ಸಕ್ಕರೆ ಕಾಯಿಲೆ, ಹೃದ್ರೋಗಗಳೂ ಹೆಚ್ಚು. ಕಾಯಿಲೆ ಕಾಣಿಸಿಕೊಂಡ ಕೂಡಲೇ ವೈದ್ಯರಲ್ಲಿಗೆ, ಅದರಲ್ಲೂ ಖಾಸಗಿಯವರಲ್ಲಿಗೆ ಹೋಗುವ ರೂಢಿಯೂ ಇದೆ. ಇನ್ನೊಂದು ಕಡೆ, ಒಂದು ದಿನದ ಕೂಲಿ ತಪ್ಪುತ್ತದೆಂದು ಆಸ್ಪತ್ರೆಯ ಕಡೆಗೆ ತಲೆಹಾಕದ, ತೋಟದ ಕಾರ್ಮಿಕರ ಲೈನ್ ಮನೆಯ ಕುಟುಂಬವೋ ಹಾಡಿಯ ಯರವ, ಜೇನುಕುರುಬ ಬುಡಕಟ್ಟಿನ ಕುಟುಂಬವೋ ಲೆಕ್ಕದಲ್ಲಿ ಕಡಿಮೆ ಖರ್ಚಿನ ಮನೆಯಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಈ ಅಂಕಿಗಳ ದೊಡ್ಡ ದೋಷ ಇದೇ.

ಖರ್ಚಿನ ಹೆಚ್ಚಿನ ಭಾಗ ಹೋಗುವುದು ಔಷಧಿಗೆ, ಅದರಲ್ಲೂ ಆಸ್ಪತ್ರೆಗೆ ದಾಖಲಾಗದೆ ಕೊಳ್ಳುವ ಔಷಧಿಗೆ. ತಮಿಳುನಾಡು 1994ರಲ್ಲೇ ಔಷಧಿಗಳನ್ನು ಒಟ್ಟಾಗಿ ಖರೀದಿಸಲು ಪ್ರತ್ಯೇಕ ನಿಗಮ ಸ್ಥಾಪಿಸಿತು; ರಾಜಸ್ಥಾನ 2011ರ ಅಕ್ಟೋಬರ್ 2ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಯೋಜನೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡವರು ಮಾತ್ರೆಗಾಗಿ ಹೊರಗಿನ ಅಂಗಡಿಗೆ ಹೋಗಬೇಕೇ ಬೇಡವೇ ಎಂಬುದರ ಮೇಲೆ ರಾಜ್ಯ ರಾಜ್ಯಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ನಿಂತಿದೆ.

ಕೊಡಗಿಗೆ ಇದರ ಮೇಲೆ ದೂರದ ಹೊರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ, ಹೆರಿಗೆ ಬಿಟ್ಟು, ಒಮ್ಮೆ ದಾಖಲಾದರೆ ಆಗುತ್ತಿದ್ದ ವೈದ್ಯಕೀಯ ವೆಚ್ಚ ದೇಶದ ಸರಾಸರಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ವಾಹನದ ಬಾಡಿಗೆ, ಜೊತೆಗೆ ಹೋದವರ ಊಟ, ವಸತಿ ಇವುಗಳಲ್ಲಿ ಸೇರಿಲ್ಲ. ಸಮೀಕ್ಷೆ ಅವನ್ನು ಬೇರೆಯಾಗಿ ಬರೆದುಕೊಳ್ಳುತ್ತದೆ, ಸುದ್ದಿಯಲ್ಲಿ ಅವು ಬಿಟ್ಟೇ ಹೋಗುತ್ತವೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಹೃದಯ, ನರ, ಕ್ಯಾನ್ಸರಿನಂಥ ಚಿಕಿತ್ಸೆಗೆ ಬಹುತೇಕರು ಇಂದಿಗೂ ಮೈಸೂರನ್ನೋ ಮಂಗಳೂರನ್ನೋ ನಂಬಿದ್ದಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಜಿಲ್ಲೆಯಲ್ಲಿ ರೈಲೂ ಇಲ್ಲ. (2018ರ ಆಗಸ್ಟಿನ ಭೂಕುಸಿತದಲ್ಲಿ ಸಂಪಾಜೆ ಘಾಟಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ನೇರ ದಾರಿಯೇ ಇರಲಿಲ್ಲವೆಂಬುದು ನಿಮಗೆ ನೆನಪಿರಬಹುದು.) ಕುಟ್ಟದವರಿಗೆ ಮಾನಂತವಾಡಿ ಹತ್ತಿರ. ನಿಮ್ಮ ನೆಂಟರ ಖರ್ಚು ನಿಮ್ಮದಕ್ಕಿಂತ ಹೆಚ್ಚಿಲ್ಲದಿರುವುದಕ್ಕೆ ಇದೇ ಕಾರಣವಿರಬೇಕು.

ಅಮ್ಮನ ಬಿಪಿ, ಸಕ್ಕರೆ ಮಾತ್ರೆಗಳು ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ. ಅಲ್ಲಿ ಸಿಗದಿದ್ದನ್ನು ವೈದ್ಯರನ್ನು ಕೇಳಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಳ್ಳಬಹುದು. ಹೃದಯದ ಚಿಕಿತ್ಸೆಗೆ ದಾಖಲಾಗಬೇಕಾದರೆ, ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ಸಿಗುತ್ತದೆ. ತುರ್ತು ಸಂದರ್ಭಕ್ಕೆ ಶಿಫಾರಸು ಪತ್ರ ಬೇಡ.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡು, ಸಣ್ಣ ಕಾಫಿ ತೋಟವಿದೆ. ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದರೆ ತಿಂಗಳ ಔಷಧಿಗೂ ಹಣ ಸಿಗುತ್ತದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸಿಗುವುದಿಲ್ಲ. 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಂಡು, ಈಗ ಮತ್ತೆ ಜಾರಿಯಲ್ಲಿರುವ ಈ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗಾಗಿ ಇರುವಂಥದ್ದು. ಕುಟುಂಬಕ್ಕೆ ವರ್ಷದ ಮಿತಿ 5 ಲಕ್ಷ ರೂಪಾಯಿ. ಎಪಿಎಲ್ ಕಾರ್ಡಿನವರಿಗೆ ಆರೋಗ್ಯ ಕರ್ನಾಟಕದ ಶೇ 30ಕ್ಕಿಂತ ಇದು ಹೆಚ್ಚು ಉಪಯುಕ್ತವೆಂದೇ ಹೇಳುತ್ತೇನೆ. ಸಹಕಾರ ಸಂಘದ ಸದಸ್ಯತ್ವ ಬೇಕು, ನೋಂದಣಿಗೆ ನಿಗದಿತ ಅವಧಿಯೂ ಇರುತ್ತದೆ. ನಿಮ್ಮ ಊರಿನ ಸಹಕಾರ ಸಂಘದಲ್ಲಿ ಈ ಸಲದ ಕೊನೆಯ ದಿನಾಂಕವನ್ನು ಮೊದಲೇ ಕೇಳಿಟ್ಟುಕೊಳ್ಳಿ.