ತನ್ನ ದೇಶದ ಮೊಕದ್ದಮೆಗೆ ತಾನೇ ನ್ಯಾಯಾಧೀಶ?

ಪ್ರಶ್ನೆ: ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಒಂದು ದೇಶದ ಮೇಲೆ ದೂರು ಬಂದರೆ ಅದೇ ದೇಶದ ನ್ಯಾಯಾಧೀಶರೂ ಪೀಠದಲ್ಲಿ ಕೂರುತ್ತಾರಂತೆ. ಇದು ಪಕ್ಷಪಾತವಾಗದೆ? ಅವರನ್ನು ಸರ್ಕಾರವೇ ನೇಮಿಸುತ್ತದೆಯೆ?

ಉತ್ತರ: ಕೂರುತ್ತಾರೆ, ಆದರೆ ಎಲ್ಲ ಪೀಠಗಳಲ್ಲೂ ಅಲ್ಲ. 7 ಮಂದಿಯ ಪೀಠದಲ್ಲೂ 17 ಮಂದಿಯ ಮಹಾಪೀಠದಲ್ಲೂ ಅವರಿಗೆ ಸ್ಥಾನ ಕಡ್ಡಾಯ. ಆ ದೇಶದ ಕಾನೂನು ಬಲ್ಲವರೊಬ್ಬರು ಒಳಗೇ ಇರಲಿ ಎಂಬುದು ಉದ್ದೇಶ. ಮತ ಮಾತ್ರ ಒಂದೇ. ಅರ್ಜಿಯನ್ನು ಒಬ್ಬರೇ ನೋಡಿ ತಳ್ಳಿಹಾಕುವ ಹಂತದಲ್ಲಿ ಮಾತ್ರ ಸ್ವದೇಶದ ಕಡತವನ್ನು ಅವರು ಮುಟ್ಟುವಂತಿಲ್ಲ.

ನೇಮಕ ಸರ್ಕಾರದ ಕೈಯಲ್ಲಿಲ್ಲ. ಅದು ಮೂವರ ಹೆಸರು ಕಳಿಸುತ್ತದೆ, ಯುರೋಪ್ ಮಂಡಳಿಯ (ಈ ನ್ಯಾಯಾಲಯ ಸೇರಿರುವ ದೇಶಗಳ ಸಂಘಟನೆ, ಐರೋಪ್ಯ ಒಕ್ಕೂಟವಲ್ಲ) ಸಂಸದೀಯ ಸಭೆ, ಅಂದರೆ ಸದಸ್ಯ ದೇಶಗಳ ಸಂಸದರ ಸಭೆ, ಒಬ್ಬರನ್ನು ಚುನಾಯಿಸುತ್ತದೆ. ಮೊದಲ ಸುತ್ತಿನಲ್ಲಿ ಚಲಾಯಿಸಿದ ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. ಎರಡನೆಯದರಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಎಡವಟ್ಟಾಗುವುದು ಪಟ್ಟಿಯಲ್ಲೇ: ಒಬ್ಬರು ಸಮರ್ಥರು, ಇನ್ನಿಬ್ಬರು ಲೆಕ್ಕಭರ್ತಿ. ಅಂಥದ್ದನ್ನು ಸಭೆ ತಿರಸ್ಕರಿಸಿ ಹೊಸ ಪಟ್ಟಿ ಕೇಳಬಹುದು, ಕೇಳಿದ್ದೂ ಇದೆ.

ನಿಜವಾದ ರಕ್ಷಣೆ ಅವಧಿಯದು. ಹಿಂದೆ 6 ವರ್ಷ, ಮರುಆಯ್ಕೆಗೆ ಅವಕಾಶವಿತ್ತು. ಅಂದರೆ ಮತ್ತೆ ಸರ್ಕಾರದ ಮುಖ ನೋಡಬೇಕಿತ್ತು! 2010ರಿಂದ 9 ವರ್ಷ, ಒಂದೇ ಬಾರಿ. ವಜಾ ಮಾಡಲು ಸಹನ್ಯಾಯಾಧೀಶರ ಮೂರನೇ ಎರಡರಷ್ಟು ಬಹುಮತ ಬೇಕು.